ಓರಗಿತ್ತಿಯ ಮೀಟರು

ಆ ಬೀದಿಯವರು ಅವಳನ್ನು ಕಾರ್ಬುರೇಟರ್ ಅಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಮಾವನ ಗ್ಯಾರೇಜಿಗೆ ಊಟದ ಡಬ್ಬಿ ತರುತ್ತಿದ್ದವಳು, ಅವರು ಉಣ್ಣುವಷ್ಟು ಹೊತ್ತು ಸುಮ್ಮನೆ ಕೂರಲಾರದೆ ಬಿಚ್ಚಿಟ್ಟ ಬಿಡಿಭಾಗಗಳನ್ನು ತೊಳೆಯತೊಡಗಿದಳು. ತೊಳೆದವಳು ಜೋಡಿಸುವುದನ್ನೂ ಕಲಿತಳು. ಗಂಡನಿಗೆ ಗ್ರೀಸಿನ ವಾಸನೆಯೇ ಆಗದು, ಅವನು ಅಂಚೆ ಕಚೇರಿ ಸೇರಿದ. ಇಂಜಿನ್ನಿನ ಉಸಿರು ಕೇಳಿಯೇ ಪೆಟ್ರೋಲು ಹೆಚ್ಚೋ ಗಾಳಿ ಹೆಚ್ಚೋ ಹೇಳುವಷ್ಟು ಅವಳ ಕಿವಿ ಪಳಗಿತು. "ಗಂಡುಮಗ ಕೈಕೊಟ್ಟ, ಸೊಸೆ ಕೈಹಿಡಿದಳು" ಎಂದು ಮಾವ ಬಂದವರೆದುರೆಲ್ಲ ಹೇಳಿಕೊಳ್ಳುತ್ತಿದ್ದರು. ಆ ಒಂದು ಮಾತಿನ ಮೇಲೆ ಅವಳು ವರ್ಷಗಟ್ಟಲೆ ಹೊಟ್ಟೆ ತುಂಬಿಸಿಕೊಂಡಿದ್ದಳು.

ಆಮೇಲೆ ಮೈದುನನ ಹೆಂಡತಿ ಬಂದಳು. ವಾಹನಗಳ ವಿದ್ಯುತ್ ಕೆಲಸ ಕಲಿತವಳು, ಜೊತೆಗೆ ವೋಲ್ಟು ಅಳೆಯುವ ಹಳದಿ ಮೀಟರೊಂದನ್ನು ತಂದಿದ್ದಳು. ಮಾತು ಮೆತ್ತಗೆ, ಕೈ ಚುರುಕು. ಮಾವ ಈಗ "ಚಿಕ್ಕವಳನ್ನ ಒಂದು ಮಾತು ಕೇಳಿ" ಎನ್ನತೊಡಗಿದರು. ಕಾರ್ಬುರೇಟರ್ ಅಕ್ಕನಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಚಿಕ್ಕವಳಲ್ಲಿ ಒಂದು ಕೊಂಕಾದರೂ ಸಿಕ್ಕಿದ್ದರೆ ಸಮಾಧಾನವಿತ್ತು. ಒಳ್ಳೆಯವಳ ಮೇಲೆ ಹೊಟ್ಟೆಕಿಚ್ಚು ಪಡುವುದಿದೆಯಲ್ಲ, ಅದರಷ್ಟು ದಣಿವಿನ ಕೆಲಸ ಇನ್ನೊಂದಿಲ್ಲ.

ಒಂದು ಬೆಳಿಗ್ಗೆ ಡ್ರೈವಿಂಗ್ ಮೇಷ್ಟ್ರು ತಮ್ಮ ಹಳೆಯ ಕಾರನ್ನು ತಂದು ನಿಲ್ಲಿಸಿದರು. ಹಿಂದಿನಿಂದ ಕಪ್ಪು ಹೊಗೆ.

"ಕಲಿಯೋಕೆ ಬಂದವರು ಗೇರಿಗಿಂತ ಮೊದಲು ಕೆಮ್ಮೋದು ಕಲೀತಿದಾರಮ್ಮ. ಹೊಗೆ ತಪಾಸಣೆಯಲ್ಲೂ ಫೇಲು" ಎಂದರು.

ಕಾರು ವಿಚಿತ್ರ ಸಂಧಿಕಾಲದ್ದು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರೂ ಇತ್ತು, ಹೊಗೆಕೊಳವೆಯಲ್ಲಿ ಆಕ್ಸಿಜನ್ ಸೆನ್ಸರೂ ಇತ್ತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಆ ಸೆನ್ಸರು ಅಳೆದು ಹೇಳಿದಂತೆ ಒಂದು ಪುಟ್ಟ ಪೆಟ್ಟಿಗೆ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುತ್ತಿತ್ತು. ಆ ಕಾರ್ಬುರೇಟರನ್ನು ಈಚೆಗಷ್ಟೇ ಬಿಚ್ಚಿ ಕಟ್ಟಿದವಳು ಅಕ್ಕನೇ.

"ಸೆನ್ಸರು ಸತ್ತಿದೆ. ಬೇರೆ ಹಾಕಿ" ಎಂದಳು ಅವಳು, ಯಾರೂ ಕೇಳುವ ಮೊದಲೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತಾಯಿತೆಂದು ಅವಳಿಗೇ ಅನ್ನಿಸಿತು.

"ಒಂದ್ಸಲ ನೋಡಿಬಿಡೋಣ ಅಕ್ಕ" ಎಂದಳು ಚಿಕ್ಕವಳು.

ಇಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಸೆನ್ಸರಿನ ತಂತಿಗೆ ಮೀಟರು ಸಿಕ್ಕಿಸಿದಳು. ಗಾಳಿ ತಡೆಯುವ ಚೋಕನ್ನು ಅರ್ಧ ಮುಚ್ಚಿದಾಗ ಪೆಟ್ರೋಲು ಹೆಚ್ಚಿ ಅಂಕಿ ಒಂದು ವೋಲ್ಟಿನ ಹತ್ತಿರಕ್ಕೆ ಏರಿತು. ಗಾಳಿಯ ಸಣ್ಣ ರಬ್ಬರು ಕೊಳವೆ ಕಿತ್ತಾಗ ಗಾಳಿ ಹೆಚ್ಚಿ ಸೊನ್ನೆಯತ್ತ ಜಾರಿತು. ಏರಿಸಿದರೆ ಏರುತ್ತದೆ, ಇಳಿಸಿದರೆ ಇಳಿಯುತ್ತದೆ.

"ಸೆನ್ಸರು ಗಟ್ಟಿಯಾಗಿದೆ ಮಾವ."

ಮಾವ ದೊಡ್ಡ ಸೊಸೆಯ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ಅವಳಿಗೆ ಚುಚ್ಚಿತು.

ಆದರೆ ಕಿತ್ತದ್ದನ್ನೆಲ್ಲ ಮೊದಲಿನಂತೆ ಮಾಡಿದಾಗ ಚಿಕ್ಕವಳ ಹುಬ್ಬು ಗಂಟಾಯಿತು. ಅಂಕಿ ಸೊನ್ನೆಯ ಬಳಿಯೇ ಕೂತಿತ್ತು. "ಗಾಳಿ ಜಾಸ್ತಿ ಅಂತಿದೆ ಮೀಟರು. ಹೊಗೆ ನೋಡಿದ್ರೆ ಪೆಟ್ರೋಲು ಜಾಸ್ತಿ. ಇವೆರಡರಲ್ಲಿ ಯಾವುದು ಸುಳ್ಳು ಹೇಳ್ತಿದೆ ಅಕ್ಕ?"

ಅಕ್ಕನಿಗೆ ಆ ಕ್ಷಣವೇ ಹೊಳೆದುಬಿಟ್ಟಿತು. ಕಾರು ಒಳಬಂದಾಗಲೇ ಇಂಜಿನ್ನಿಗೆ ಹೊಗೆಕೊಳವೆ ಕೂಡುವಲ್ಲಿಂದ ಚಿಟ್ ಚಿಟ್ ಎಂಬ ಸದ್ದು ಅವಳ ಕಿವಿಗೆ ಬಿದ್ದಿತ್ತು. ಸಂದು ಮುಚ್ಚುವ ಗ್ಯಾಸ್ಕೆಟ್ ಒಡೆದಿದೆ. ಅಲ್ಲಿ ಹೊರಗಾಳಿ ನುಗ್ಗಿ ಸೆನ್ಸರನ್ನು ಮೋಸಗೊಳಿಸುತ್ತಿದೆ, ಸೆನ್ಸರು ಪೆಟ್ಟಿಗೆಯನ್ನು, ಪೆಟ್ಟಿಗೆ ಕಾರ್ಬುರೇಟರನ್ನು; ಅದಕ್ಕೇ ಬೇಡದ ಪೆಟ್ರೋಲು ಸುರಿದು ಈ ಕಪ್ಪು ಹೊಗೆ. ಮಾತು ತುದಿನಾಲಿಗೆಗೆ ಬಂತು. ಅವಳು ಅದನ್ನು ನುಂಗಿದಳು.

"ನಿನ್ನ ಮೀಟರನ್ನೇ ಕೇಳು."

ಚಿಕ್ಕವಳ ಮುಖ ಸಣ್ಣಗಾಯಿತು. ಅದನ್ನು ನೋಡಿ ಅಕ್ಕನಿಗೆ ಸಿಕ್ಕ ಸುಖ ಬಾಯಿಗೆ ಹಾಕಿದ ಕೂಡಲೇ ಕರಗಿದ ಸಕ್ಕರೆಯಂತೆ, ಇತ್ತೋ ಇಲ್ಲವೋ ಎನ್ನುವಷ್ಟೇ. ಮಧ್ಯಾಹ್ನದವರೆಗೂ ಚಿಕ್ಕವಳು ತಂತಿಗಳನ್ನೆಲ್ಲ ಜಾಲಾಡಿದಳು. ಮಾವನಿಗೆ ತಾಳ್ಮೆ ಕೆಟ್ಟಿತು.

"ಇನ್ನೇನು ಉಳೀತು? ಕಾರ್ಬುರೇಟರ್ ಬಿಚ್ಚು. ಅದರೊಳಗೇ ಏನೋ ತಪ್ಪಾಗಿದೆ."

ಅಕ್ಕ ಸ್ಪ್ಯಾನರು ಒರೆಸುತ್ತ ಬೆನ್ನು ತಿರುಗಿಸಿಯೇ ನಿಂತಿದ್ದಳು.

"ಬೇಡ ಮಾವ" ಎಂದಳು ಚಿಕ್ಕವಳು. "ಅದು ಅಕ್ಕನ ಕೈ ಕೆಲಸ. ಅದರಲ್ಲಿ ತಪ್ಪಿರಲ್ಲ. ನನಗೇ ಏನೋ ಕಾಣಿಸ್ತಿಲ್ಲ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇದಕ್ಕೇನು ಮಾಡುವುದು? ಅಕ್ಕ ಸ್ಪ್ಯಾನರು ಕೆಳಗಿಟ್ಟು, ಮೂಲೆಯಿಂದ ಮೊಳದುದ್ದದ ರಬ್ಬರು ಪೈಪು ತಂದು ಒಂದು ತುದಿಯನ್ನು ಓರಗಿತ್ತಿಯ ಕೈಗಿತ್ತಳು. "ಕಿವಿಗಿಟ್ಕೋ." ಇನ್ನೊಂದು ತುದಿಯನ್ನು ತಾನೇ ಹಿಡಿದು, ಓಡುತ್ತಿದ್ದ ಇಂಜಿನ್ನಿನ ಆ ಸಂದಿನ ಉದ್ದಕ್ಕೂ ಸರಿಸಿದಳು.

ಚಿಕ್ಕವಳ ಕಣ್ಣು ಅರಳಿತು. "ಅಯ್ಯೋ! ಸೆನ್ಸರಿಗಿಂತ ಮುಂಚೆನೇ ಗಾಳಿ ಎಳೀತಿದೆ!"

ಇಂಜಿನ್ ತಣ್ಣಗಾದ ಮೇಲೆ ಇಬ್ಬರೂ ಸೇರಿ ಗ್ಯಾಸ್ಕೆಟ್ ಬದಲಿಸಿದರು. ಕೊನೆಯ ಬೋಲ್ಟು ಬಿಗಿಯುವಾಗ ಚಿಕ್ಕವಳು ಮೆಲ್ಲಗೆ ಕೇಳಿದಳು, "ನಿಮಗೆ ಇದು ಯಾವಾಗ ಕೇಳಿಸ್ತು ಅಕ್ಕ?"

ಸುಳ್ಳು ಹೇಳುವುದು ಸುಲಭವಿತ್ತು. "ಬೆಳಿಗ್ಗೆನೇ" ಎಂದಳು ಅಕ್ಕ.

ಚಿಕ್ಕವಳು ಬೋಲ್ಟು ಬಿಗಿದು ಮುಗಿಸಿದಳು. ಕೈ ತೊಳೆದು ಹೊರಟುಹೋದಳು. ರಾತ್ರಿ ಊಟಕ್ಕೆ ಎಲ್ಲರಿಗೂ ಬಡಿಸಿದಳು, ಅಕ್ಕನ ತಟ್ಟೆಗೂ ಬಡಿಸಿದಳು, ತುಟಿ ಮಾತ್ರ ಪಿಟಕ್ಕೆನ್ನಲಿಲ್ಲ. ಅತ್ತ ಮಾವ, "ಚಿಕ್ಕವಳ ಮೀಟರಿನಿಂದ ಕಾರು ಬಚಾವಾಯ್ತು" ಎಂದು ಫೋನಿನಲ್ಲಿ ಮೇಷ್ಟ್ರಿಗೆ ಹೇಳುತ್ತಿದ್ದರು. ಅಕ್ಕ ಅನ್ನ ಕಲಸುತ್ತ ಅದನ್ನು ಕೇಳಿಸಿಕೊಂಡಳು. ನಾಚಿಕೆ ಒಂದು ಕಡೆ, ಕಿಚ್ಚು ಒಂದು ಕಡೆ, ಎರಡೂ ಒಂದೇ ಒಲೆಯಲ್ಲಿ.

ಮರುದಿನ ಗ್ಯಾರೇಜಿನ ಬಾಗಿಲು ತೆಗೆಯುವಾಗ ಚಿಕ್ಕವಳೇ ಬಾಯಿಬಿಟ್ಟಳು. "ನನಗೆ ನಿಮ್ಮ ಮೇಲೆ ಸಿಟ್ಟಿದೆ ಅಕ್ಕ."

"ಇರಬೇಕಾದ್ದೇ. ನನಗೂ ನಿನ್ನ ಮೇಲೆ ಹೊಟ್ಟೆಕಿಚ್ಚಿದೆ. ನೀನು ಬಂದ ದಿನದಿಂದ."

ಚಿಕ್ಕವಳು ತಬ್ಬಿಬ್ಬಾಗಿ ನೋಡಿದಳು. ಆಮೇಲೆ, "ನನ್ನ ಮೇಲಾ? ಮಾವ ಊರಿಗೆಲ್ಲ ನಿಮ್ಮ ಕಿವಿ ಕಥೆ ಹೇಳಿ ಹೇಳಿ ನನ್ನ ಕಿವಿ ತೂತು ಮಾಡಿದಾರೆ" ಎಂದಳು, ಅರ್ಧ ಕೋಪದಲ್ಲೇ.

ಅಕ್ಕನಿಗೆ ಇದು ಹೊಸ ಸುದ್ದಿ. ಅವಳು ಕಾರನ್ನು ಚಾಲೂ ಮಾಡಿ ಬಾನೆಟ್ ಎತ್ತಿದಳು. ಇಂಜಿನ್ ಬಿಸಿಯಾಗುತ್ತಿದ್ದಂತೆ, "ನಿನ್ನ ಮೀಟರಿನ ಕೆಂಪು ಕಡ್ಡಿ ಎಲ್ಲಿಡಬೇಕು?" ಎಂದು ಕೇಳಿದಳು. ಚಿಕ್ಕವಳು ಅವಳ ಕೈ ಹಿಡಿದು ಜಾಗ ತೋರಿಸಿದಳು. ಅಂಕಿ ಈಗ ಒಂದೇ ಕಡೆ ಕೂರದೆ ಮೇಲೆ ಕೆಳಗೆ ಓಡಾಡುತ್ತಿತ್ತು. ಹೊಗೆ ತಿಳಿಯಾಗಿತ್ತು.

"ನಿಮ್ಮ ಕೈ ನಡುಗ್ತಿದೆ" ಎಂದಳು ಚಿಕ್ಕವಳು.

"ನಿನ್ನದು ನಡುಗಲ್ವಲ್ಲ, ಅದಕ್ಕೂ ಹೊಟ್ಟೆಕಿಚ್ಚೇ" ಎಂದಳು ಅಕ್ಕ. ಈ ಸಲ ಚಿಕ್ಕವಳಿಗೆ ನಗು ತಡೆಯಲಾಗಲಿಲ್ಲ.