ಬೇಟೆಗೊಂದು ದೇಶ

ಕೀನ್ಯಾದ ವೆಸ್ಟ್‌ಲ್ಯಾಂಡ್ಸ್‌ನಲ್ಲಿರುವ ನಮ್ಮ ಟ್ರಾವೆಲ್ ಆಫೀಸಿಗೆ ಒಂದು ಮಧ್ಯಾಹ್ನ, ಅದೇ ಊರಿನ ಕರೆನ್ ಬಡಾವಣೆಯಿಂದ, ಕೊಡಗು ಮೂಲದ ಡಾಕ್ಟರ್ ದಂಪತಿ ಬಂದರು. ಡಾಕ್ಟರ್ ನಿವೃತ್ತ ಸರ್ಜನ್. ಕೈನಡುಕ ಶುರುವಾದಾಗಿನಿಂದ ಮಂಕಾಗಿದ್ದ ಗಂಡನನ್ನು ಆಂಟಿಯೇ ಹೊರಡಿಸಿಕೊಂಡು ಬಂದಿದ್ದರು.

"ಇವರಿಗೆ ಒಂದು ಸಲ ಬೇಟೆಗೆ ಹೋಗಬೇಕಂತೆ. ಎಲ್ಲಿಗೆ ಕಳಿಸ್ತೀಯಪ್ಪ?"

ಕೀನ್ಯಾದಲ್ಲಿ ಬೇಟೆಗೆ ನಿಷೇಧ. ಹಾಗಾಗಿ ಟಾಂಜಾನಿಯಾ, ನಮೀಬಿಯಾ ಎರಡನ್ನೂ ತೋರಿಸಿದೆ. ಹತ್ತಿರವಾಗುತ್ತದೆ ಅಂತ ಆಂಟಿ ಟಾಂಜಾನಿಯಾ ಹಿಡಿದರು.

ಆಗ ಡಾಕ್ಟರ್ ಕೇಳಿದರು, "ಗುರಿ ತಪ್ಪಿ, ಕಾಡೆಮ್ಮೆ ಗಾಯ ಹೊತ್ತು ಓಡಿಹೋದರೆ?"

"ಜೊತೆಗಿರೋ ಬೇಟೆಗಾರ ಹುಡುಕಿಕೊಂಡು ಹೋಗಿ ಕೊಲ್ತಾನೆ, ಅಂಕಲ್. ಅದು ಅಲ್ಲಿಯ ನಿಯಮ."

"ಅಲ್ಲಿಯವರೆಗೆ ಅದು ನರಳ್ತಾ ಇರುತ್ತೆ." ಅವರು ಮೇಜಿನ ಮೇಲಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡರು. "ಈ ಕೈ ನಂಬಬಾರದು ಅಂತ ಆಪರೇಷನ್ ಮಾಡೋದು ಬಿಟ್ಟೆ. ಮನುಷ್ಯರಿಗೆ ಬೇಡವಾದ ಕೈ ಪ್ರಾಣಿಗೆ ಯಾಕೆ?"

ಆಂಟಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಏನಾದರೂ ಹೇಳಬೇಕಲ್ಲ ಅಂತ, "ಕ್ಯಾಮೆರಾ ಸಫಾರಿ ಇದೆ, ಅಂಕಲ್" ಅಂದೆ.

"ಫೋಟೊನೂ ಅಲುಗುತ್ತೆ, ಮಾರಾಯ."

ಬೈನಾಕ್ಯುಲರ್ ಬಾಡಿಗೆಗೆ ಸಿಗುತ್ತದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪುಣ್ಯಕ್ಕೆ ನುಂಗಿಕೊಂಡೆ. ಅದನ್ನೂ ಕೈಯಲ್ಲೇ ಹಿಡಿಯಬೇಕಲ್ಲ.