ವಾಮನ ಮಾಸ್ಟ್ರು ಬಿಡಿಸಿದ ಊರು

ಡ್ರಾಯಿಂಗ್ ಕಲಿಸುವ ವಾಮನ ಮಾಸ್ಟ್ರು ಮಕ್ಕಳ ಚಿತ್ರವನ್ನು ಪೂರ್ತಿ ಹರಿಯುತ್ತಿರಲಿಲ್ಲ. ಸೂರ್ಯನನ್ನಷ್ಟೇ ಹರಿದು ತೆಗೆದು ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು. ಕಡಲ ಬದಿಯ ಕಾಪುವಿನ ಶಾಲೆಯ ಮಕ್ಕಳೂ ಅದನ್ನೇ ಬಿಡಿಸುತ್ತಿದ್ದರು. "ಇಲ್ಲಿ ಸೂರ್ಯ ಮುಳುಗುವುದು ಕಡಲಿನಲ್ಲಿ. ಈ ಗುಡ್ಡ ಎಂತ, ನಿನ್ನ ಅಜ್ಜ ಹೊತ್ತು ತಂದದ್ದಾ?" ಎಂದು ತೂತು ಬಿದ್ದ ಕಾಗದವನ್ನು ಮರಳಿಸುವರು. ಮಗು ಅತ್ತರೆ ಅವರಿಗೆ ಖುಷಿ. ಎಪ್ಪತ್ತರ ದಶಕದ ಕೊನೆಗೆ ನಾನು ಅದೇ ಶಾಲೆಗೆ ಕನ್ನಡ ಟೀಚರಾಗಿ ಸೇರಿದಾಗ, ಕರಿಹಲಗೆಯ ಮೇಲಿನ ನನ್ನ ಅಕ್ಷರ ನೋಡಿ "ಕೋಳಿ ಕೆದಕಿದ ಹಾಗೆ ಉಂಟು" ಎಂದಿದ್ದರು.

ಅವರ ದೇವರೆಂದರೆ ಒಂದು ಹಳೆಯ ಕ್ಯಾಲೆಂಡರಿನ ಹಾಳೆ. ಹಡಗಿನಲ್ಲಿ ದುಡಿಯುತ್ತಿದ್ದ ಭಾವ ತಂದುಕೊಟ್ಟದ್ದು. ಅದರಲ್ಲಿ ಯುರೋಪಿನ ಫ್ಲಾಂಡರ್ಸ್ ಎಂಬ ಸೀಮೆಯ ನೂರಾರು ವರ್ಷ ಹಿಂದಿನ ಹಳ್ಳಿಯ ಚಿತ್ರ. ಹಿಮ, ಬೋಳು ಮರಗಳು, ಹಂದಿ ಕೊಯ್ಯುವವರು, ಸೌದೆ ಹೊತ್ತ ಹೆಂಗಸು, ಮಂಜುಗಡ್ಡೆಯ ಮೇಲೆ ಜಾರಿ ಬಿದ್ದವ. ಎಲ್ಲರೂ ಉಗುರಿನಷ್ಟೇ ದೊಡ್ಡವರು. "ನೋಡಿ ಟೀಚರ್, ಒಬ್ಬ ಬಿದ್ದಿದ್ದಾನೆ. ಯಾರಾದರೂ ಕೆಲಸ ಬಿಟ್ಟಿದ್ದಾರಾ? ಊರು ಅಂದರೆ ಇಷ್ಟೇ ಮಾರಾಯ್ರೆ" ಎನ್ನುವಾಗ ಅವರ ಮುಖ ಅರಳುತ್ತಿತ್ತು.

ಒಂದು ವರ್ಷ ವಾರ್ಷಿಕೋತ್ಸವಕ್ಕೆಂದು, ಅದೇ ಕ್ರಮದಲ್ಲಿ ನಮ್ಮ ಊರನ್ನು ಶಾಲೆಯ ಉದ್ದ ಗೋಡೆಯ ಮೇಲೆ ಬಿಡಿಸಿದರು. ಕಡಲ ದಂಡೆಯ ದೀಪಸ್ತಂಭದ ಮೇಲೆ ನಿಂತು ಕಂಡ ಹಾಗೆ ಇತ್ತು. ಬಲೆ ಹೆಣೆಯುವವರು, ಗಂಜಿ ಬಸಿಯುವವಳು, ತಕ್ಕಡಿಗೆ ಬೆರಳೊತ್ತುವ ಅಂಗಡಿಯವ, ಶೇಂದಿ ಕುಡಿದು ಚರಂಡಿಯಲ್ಲಿ ಮಲಗಿದವ. ಜನ ಬಂದು ತಮ್ಮನ್ನು ಕಂಡು ಸಿಟ್ಟಾಗುತ್ತಿದ್ದರು, ಪಕ್ಕದ ಮನೆಯವನನ್ನು ಕಂಡು ಹೊಟ್ಟೆ ಹಿಡಿದು ನಗುತ್ತಿದ್ದರು.

ಮೀನು ಮಾರುವ ಅಪ್ಪಿಯೂ ಬಂದಳು. ಹಿಂದಿನ ಮಳೆಗಾಲ ಅವಳ ಮಗ ದೋಣಿ ಮಗುಚಿ ಹೋಗಿದ್ದ, ಹೆಣವೂ ಸಿಕ್ಕಿರಲಿಲ್ಲ.

"ನನ್ನ ಮಗನನ್ನೂ ಇದರಲ್ಲಿ ಹಾಕಿ ಮಾಸ್ಟ್ರೆ. ಅವನದ್ದು ಒಂದು ಫೋಟೋ ಸಹ ಇಲ್ಲ."

ಮಾಸ್ಟ್ರು ವಾರವಿಡೀ ಅವಳ ಬಂಗುಡೆ ಮೀನು ಪುಕ್ಕಟೆ ತಿಂದರು. ಆಮೇಲೆ ಕಡಲಿನ ನಡುವೆ ಕುಂಚದ ತುದಿಯಿಂದ ಒಂದು ಕರಿ ಚುಕ್ಕೆ ಇಟ್ಟರು.

"ಇದೆಂತ?" ಎಂದಳು ಅಪ್ಪಿ.

"ನಿನ್ನ ಮಗ. ದಡದಿಂದ ಕಾಣುವುದು ಅಷ್ಟೇ ಅಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಅಪ್ಪಿ ಮಾತ್ರ ಆ ಚುಕ್ಕೆಯನ್ನು ಬೆರಳಿನಿಂದ ಸವರಿದಳು. ಆಮೇಲೆ ದಿನವೂ ಬಂದು ಸವರತೊಡಗಿದಳು. "ಇವತ್ತು ಸ್ವಲ್ಪ ಹತ್ತಿರ ಬಂದ ಹಾಗೆ ಉಂಟು ಟೀಚರ್" ಎನ್ನುವಳು. ಮೀನಿನ ಜಿಡ್ಡು, ಉಪ್ಪುನೀರು ಹತ್ತಿ ಹತ್ತಿ ಚುಕ್ಕೆ ಅಳಿಸಿಯೇ ಹೋಯಿತು.

ಅಷ್ಟರಲ್ಲಿ ಮಾಸ್ಟ್ರಿಗೆ ಕಾರ್ಕಳದ ಕಡೆಗೆ ವರ್ಗವಾಗಿತ್ತು. ಹೊರಡುವ ದಿನ ಅಪ್ಪಿ ಓಡಿ ಬಂದಳು.

"ಮಾಸ್ಟ್ರೆ, ಅವ ಕಾಣುವುದಿಲ್ಲ. ಇನ್ನೊಂದು ಸಲ ಹಾಕಿ ಹೋಗಿ."

"ಅಳಿಸಿದ್ದು ನೀನೇ. ಮುಳುಗಿದವ ಇನ್ನೊಮ್ಮೆ ಮುಳುಗುವುದು ಉಂಟಾ?"

ಕುಂಚ ಅವರ ಕೈಚೀಲದಲ್ಲೇ ಇತ್ತು. "ಒಂದು ಚುಕ್ಕೆ ಮಾಸ್ಟ್ರೆ" ಎಂದು ನಾನೂ ಬೇಡಿಕೊಂಡೆ. ಅವರು ಕೊಡೆ ಮಡಚಿ ಬಸ್ಸು ಹತ್ತಿದರು. ಮತ್ತೆ ಅವರನ್ನು ನಾನು ಕಂಡಿಲ್ಲ. ಅಂಥ ಕೈಯನ್ನು ದೇವರು ಅಂಥ ಮನುಷ್ಯನಿಗೆ ಯಾಕೆ ಕೊಟ್ಟನೋ ಎಂದು ಇವತ್ತಿಗೂ ಸಿಟ್ಟು ಬರುತ್ತದೆ.

ಮರುದಿನ ನಾನೇ ಶಾಯಿಯಲ್ಲಿ, ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಚುಕ್ಕೆ ಇಟ್ಟೆ. ಅಪ್ಪಿ ಗೋಡೆಗೆ ಮುಖ ತಾಗುವಷ್ಟು ಹತ್ತಿರ ನಿಂತು ತುಂಬಾ ಹೊತ್ತು ನೋಡಿದಳು. ಮುಟ್ಟಲಿಲ್ಲ.

"ಇವ ನನ್ನವ ಅಲ್ಲ ಟೀಚರ್" ಎಂದು ಬುಟ್ಟಿಯನ್ನು ತಲೆಗೇರಿಸಿದಳು. "ಪಾಪ, ಇವನ ಅಮ್ಮನಿಗೆ ಯಾರಾದರೂ ಹೇಳಿದ್ದಾರಾ?"