ಬಿಸಿಯಾದ ಮೇಲೆ ಕೇಳಿ

ಬೆಳಗಿನ ಜಾವ ಐದು ಗಂಟೆ. ಆಸ್ಪತ್ರೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ದೀಪ ಹಾಕಲು ಹೋದ ಮೇಲ್ವಿಚಾರಕರನ್ನು ಐವತ್ತೆಂಟರ ಹೆಂಗಸೊಬ್ಬರು ತಡೆಯುತ್ತಾರೆ. "ಬೇಡ ಸರ್, ಕತ್ತಲೆನೇ ಇರ್ಲಿ. ಬೆಳಕಿದ್ರೆ ಕಿಡಿಯ ಬಣ್ಣ ಗೊತ್ತಾಗಲ್ಲ."

ಎದುರಿಗೆ ಬಾನೆಟ್ ತೆರೆದು ನಿಂತಿರುವುದು ಇಪ್ಪತ್ತಾರು ವರ್ಷ ಹಳೆಯ ಪೆಟ್ರೋಲ್ ವ್ಯಾನು. ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಕರೆತಂದು ವಾಪಸು ಬಿಡುವುದು ಅದರ ಕೆಲಸ. ಆಕೆ ಒಂದು ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತು, ತುದಿಗೆ ತಮ್ಮ ಚೀಲದ ಪ್ಲಗ್ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿಯುತ್ತಾರೆ. "ಕೀ ಕೊಡಪ್ಪ." ಸೀಟಿನಲ್ಲಿರುವ ಚಾಲಕ ಕೀ ತಿರುಗಿಸುತ್ತಾನೆ. ಚಟ್ ಚಟ್ ಎಂದು ನೀಲಿ ಕಿಡಿ ಹಾರುತ್ತದೆ.

"ಸರಿಯಾಗೇ ಇದೆಯಲ್ಲಮ್ಮ" ಎಂದು ಮೇಲ್ವಿಚಾರಕರು ಗಡಿಯಾರ ನೋಡಿಕೊಳ್ಳುತ್ತಾರೆ.

"ಇದೆ ಸರ್. ಇನ್ನೂ ತಣ್ಣಗಿದೆಯಲ್ಲ, ಅದಕ್ಕೆ. ನಲವತ್ತು ನಿಮಿಷ ಓಡ್ಲಿ, ಆಮೇಲೆ ಮಾತಾಡೋಣ."

ಈ ನಲವತ್ತು ನಿಮಿಷ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ. ಮೂರು ವಾರದ ಹಿಂದೆ ಐವರು ರೋಗಿಗಳಿದ್ದ ವ್ಯಾನು ಸೇತುವೆಯ ಮೇಲೆ ನಿಂತುಬಿಟ್ಟಿತು. ಒಂದು ಗಂಟೆ ಅವರೆಲ್ಲ ಬಿಸಿಲಲ್ಲಿ ಬೆಂದರು. "ಬಿಸಿಯಾದ್ರೆ ನಿಂತುಹೋಗುತ್ತೆ" ಎಂದು ಚಾಲಕ ಬಾಯಿ ಬಡಿದುಕೊಂಡ. ಮರುದಿನ ಬೆಳಿಗ್ಗೆ ತಪಾಸಣೆಯವರು ಬಂದರು, ರಾತ್ರಿಯಿಡೀ ತಣ್ಣಗೆ ಮಲಗಿದ್ದ ಎಂಜಿನ್ನಿನ ಕೀ ತಿರುಗಿಸಿದರು. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ತಪಾಸಣೆಯ ನಮೂನೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ವಾಹನ ಚಾಲನೆಗೊಳ್ಳುತ್ತದೆಯೇ? ಹೌದು ಎಂದು ಬರೆದು ಸಹಿ ಹಾಕಿ ಕೈತೊಳೆದುಕೊಂಡರು. ವ್ಯಾನಿನಲ್ಲಿ ದೋಷವಿಲ್ಲ ಅಂದಮೇಲೆ ಗೂಬೆ ಕೂರಿಸಲು ಒಂದು ತಲೆ ಬೇಕಲ್ಲ? ಹನ್ನೊಂದು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದವನ ಹೆಸರಿನ ಮುಂದೆ 'ನಿರ್ಲಕ್ಷ್ಯ' ಎಂದು ಬಿತ್ತು, ಕೆಲಸಕ್ಕೆ ಬರಬೇಡ ಎಂದು ಮನೆಗೆ ಕಳಿಸಿದರು. ಅವನನ್ನು ಕೆಲಸದಿಂದ ತೆಗೆಯುವ ಪತ್ರ ಟೈಪಾಗಿ ಕೂತಿದೆ, ಸಹಿಯೊಂದೇ ಬಾಕಿ. ಕಾಡಿ ಬೇಡಿ ಅವನು ಪಡೆದ ಕೊನೆಯ ಅವಕಾಶ ಈ ಬೆಳಗು.

ಅದಕ್ಕಾಗಿ ಅವನು ಹುಡುಕಿಕೊಂಡು ಹೋದದ್ದು ಈ ಹೆಂಗಸನ್ನು, ಊರವರ 'ಕಿಡಿಯಕ್ಕ'ನನ್ನು. ಬಸ್ ನಿಲ್ದಾಣದ ಹಿಂದೆ, ಇಬ್ಬರು ನಿಂತರೆ ಮೂರನೆಯವರು ಹೊರಗೇ ನಿಲ್ಲಬೇಕಾದಷ್ಟು ಕಿರಿದಾದ ಅಂಗಡಿ ಅವರದು. ಮೊದಲು ಅಣ್ಣನದಾಗಿತ್ತು. ಕೈ ಪಳಗಿದ ಎಲೆಕ್ಟ್ರಿಷಿಯನ್. ನಲವತ್ತಕ್ಕೇ ಕಣ್ಣು ಮಂಜಾಯಿತು. ಅವನು ವೈರು ಹಿಡಿಯುತ್ತಿದ್ದ, ಪಕ್ಕದಲ್ಲಿ ಕೂತ ತಂಗಿ ಬಣ್ಣ ಹೇಳುತ್ತಿದ್ದಳು. "ನೀಲಿ ಅಂದ್ರೆ ನಗ್ತಿದ್ದ, ಹಳದಿ ಅಂದ್ರೆ ತಲೆ ಕೆರ್ಕೋತಿದ್ದ. ಅಣ್ಣನಿಗೆ ಕಣ್ಣಾಗೋಕೆ ಹೋಗಿ ನಾನೇ ಮೆಕ್ಯಾನಿಕ್ ಆಗ್ಬಿಟ್ಟೆ." ಅಣ್ಣ ತೀರಿಕೊಂಡು ಹದಿನೇಳು ವರ್ಷ. ದಿನಕ್ಕೆ ನಾಲ್ಕೈದು ಹಳೆಯ ಗಾಡಿಗಳು ಇವರ ಕೈ ದಾಟುತ್ತವೆ. ಇವತ್ತಿಗೂ ಬಾಗಿಲಲ್ಲಿ ಇಣುಕಿ "ಮೆಕ್ಯಾನಿಕ್ ಇಲ್ವಾ?" ಎನ್ನುವವರಿದ್ದಾರೆ. "ಇದ್ದಾರೆ, ಕೂತ್ಕೊಳ್ಳಿ" ಎಂದು ಹೇಳಿ ಇವರೇ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.

ಗಾಡಿ ಮುಟ್ಟುವ ಮೊದಲು ಓಡಿಸುವವರನ್ನು ಕೂರಿಸಿಕೊಂಡು ಕೇಳುವುದು ಅವರ ರೀತಿ. ಯಾವಾಗ ನಿಲ್ಲುತ್ತೆ? ಎಷ್ಟು ದೂರ ಹೋದ್ಮೇಲೆ? ಸ್ವಲ್ಪ ಹೊತ್ತು ಬಿಟ್ರೆ ತಾನಾಗೇ ಹೊರಡುತ್ತಾ? "ಅರ್ಧ ರೋಗ ಅಲ್ಲೇ ಸಿಗುತ್ತೆ. ದಿನಾ ಅದರ ಜೊತೆ ಏಗೋನು ಅವನು. ಅವನ ಮಾತು ಕೇಳ್ದೆ ಕೀ ತಿರುಗಿಸಿದ್ರೆ ಏನ್ ಗೊತ್ತಾಗುತ್ತೆ?"

ಮೂವತ್ತೇಳನೆಯ ನಿಮಿಷಕ್ಕೆ, ನಿಂತಲ್ಲೇ ಓಡುತ್ತಿದ್ದ ಎಂಜಿನ್ ಎರಡು ಸಲ ಮುಗ್ಗರಿಸಿ ನಿಂತುಹೋಗುತ್ತದೆ. ಚಾಲಕ ಸ್ಟಿಯರಿಂಗ್ ಬಿಗಿಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಾನೆ. ಅಕ್ಕ ಮತ್ತೆ ಪ್ಲಗ್ ಹಿಡಿಯುತ್ತಾರೆ. ಈ ಸಲ ಸತ್ತಂಥ ಒಂದು ಹಳದಿ ಎಳೆ, ಆಮೇಲೆ ಅದೂ ಇಲ್ಲ. ಕಿಡಿಗೆ ಬಲ ಕೊಡುವ ಇಗ್ನಿಷನ್ ಕಾಯಿಲ್ ಕೈ ಸುಡುವಷ್ಟು ಕಾದಿದೆ. ಅವರು ಬಕೆಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಕಾಯಿಲ್ಲಿನ ಹೊಟ್ಟೆಗೆ ಸುತ್ತುತ್ತಾರೆ. ಅದು ತಣ್ಣಗಾಗಲು ಹತ್ತು ನಿಮಿಷ ಬಿಡುತ್ತಾರೆ.

"ಕೀ ಕೊಡಪ್ಪ."

ನೀಲಿ. ವೈರು ಜಾಗಕ್ಕೆ ಸೇರುತ್ತದೆ, ಎಂಜಿನ್ ಹೊರಡುತ್ತದೆ.

"ಜ್ವರ ಇದ್ದಿದ್ದು ಕಾಯಿಲ್‌ಗೆ ಸರ್" ಎಂದು ಅಕ್ಕ ಸಿಟ್ಟಿನಿಂದಲೇ ಹೇಳುತ್ತಾರೆ. "ನೀವು ಶಿಕ್ಷೆ ಕೊಡೋಕೆ ಹೊರಟಿದ್ದು ಇವನಿಗೆ."

ಹೊಸ ಕಾಯಿಲ್ ಕೂರಿಸಿದ ವ್ಯಾನು ಆಮೇಲೆ ಎರಡು ಗಂಟೆ ನಿಲ್ಲದೆ ಓಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಆ ಪತ್ರ ರದ್ದಾಗಿ ಬೇರೊಂದು ಆದೇಶ ಬರುತ್ತದೆ: 'ಮರುಪರಿಶೀಲನೆಯಲ್ಲಿ ತಾಂತ್ರಿಕ ದೋಷ ಕಂಡುಬಂದಿರುವುದರಿಂದ'. ಯಾರಿಗೆ ಕಂಡುಬಂತು? ಅದರ ಸುದ್ದಿಯೇ ಇಲ್ಲ. ಹತ್ತೊಂಬತ್ತು ದಿನ ಮನೆಯಲ್ಲಿ ಅನ್ನ ಸೇರದೆ ಕೂತವನಿಗೆ ಒಂದು 'ತಪ್ಪಾಯ್ತು' ಕೂಡ ಇಲ್ಲ. ಕೀ ತಿರುಗಿಸಿ ಸಹಿ ಹಾಕಿದವರನ್ನು ಯಾರೂ ಒಂದು ಮಾತು ಕೇಳಿಲ್ಲ.

ಆದೇಶವನ್ನು ಎರಡು ಸಲ ಓದಿದ ಚಾಲಕ, "ಅಕ್ಕ, ಇದರಲ್ಲಿ ನಿಮ್ಮ ಹೆಸರೇ ಇಲ್ಲ" ಎಂದು ಪೇಚಾಡುತ್ತಾನೆ. ಮೇಲ್ವಿಚಾರಕರು ಸಂಕೋಚದಿಂದ, ನಿಮಗೇನಾದರೂ ಬೇಕಿದ್ದರೆ ಹೇಳಿ ಎನ್ನುತ್ತಾರೆ.

ಕಿಡಿಯಕ್ಕ ಕೈಯ ಮಸಿಯನ್ನು ಅದೇ ಒದ್ದೆ ಬಟ್ಟೆಗೆ ಒರೆಸಿಕೊಳ್ಳುತ್ತಾರೆ. "ನನ್ ಹೆಸರು ಬೇಡ ಸರ್. ನಿಮ್ಮ ಆ ತಪಾಸಣೆ ಕಾಗದದಲ್ಲಿ ಇನ್ನೊಂದು ಸಾಲು ಸೇರಿಸಿ, ಬಿಸಿಯಾದ ಮೇಲೆ ಸ್ಟಾರ್ಟ್ ಆಗುತ್ತಾ ಅಂತ. ಮೊದಲ ದಿನದಿಂದ ಇವನು ಹೇಳಿದ್ದು ಅದನ್ನೇ. ಬರ್ಕೊಳ್ಳೋಕೆ ನಿಮ್ಮತ್ರ ಜಾಗ ಇರ್ಲಿಲ್ಲ."